ಕೇಡಗಾಂವ್‌ನ ಆ ಮಳೆಗಾಲ

ಪುಣೆಯಿಂದ ಕಲಬುರಗಿ, ರಾಯಚೂರು ಕಡೆಗೆ ಊರಿಗೆ ಹೊರಟ ನಮ್ಮಂಥವರು ದೌಂಡ್ ಬರುವ ತನಕ ಕಿಟಕಿಯ ಹೊರಗೆ ನೋಡುವುದು ಕಡಿಮೆ. ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, ಮೊಬೈಲು ಚಾರ್ಜಿಗೆ ಹಾಕಿ, ಎದುರಿನವರು ಎಲ್ಲಿಗೆ ಹೊರಟವರೆಂದು ವಿಚಾರಿಸುವಷ್ಟರಲ್ಲಿ ಕೇಡಗಾಂವ್ ಎಂಬ ಹಳದಿ ಫಲಕ ಹಿಂದಕ್ಕೆ ಓಡಿರುತ್ತದೆ. ನಾನು ಹಿಡಿಯುವ ಗಾಡಿ ಅಲ್ಲಿ ನಿಲ್ಲುವುದೂ ಇಲ್ಲ. (ಅಹಮದನಗರದ ಪಕ್ಕದಲ್ಲಿ ಇನ್ನೊಂದು ಕೇಡಗಾಂವ್ ಇದೆ. ಇದು ಅದಲ್ಲ.) ಹತ್ತಾರು ವರ್ಷ ಹೀಗೆಯೇ ಹಾದುಹೋದ ಮೇಲೆ ಒಂದು ದಿನ ತಿಳಿಯಿತು: ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಇದ್ದದ್ದು ಇದೇ ಊರಿನಲ್ಲಿ, ಇಪ್ಪತ್ತನೆಯ ಶತಮಾನದ ಕ್ರೈಸ್ತ ಚರಿತ್ರೆಯನ್ನು ಬರೆಯುವವರು ಯಾರೂ 1905ರ ಕೇಡಗಾಂವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ರಮಾಬಾಯಿಯವರ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಶಾಲೆಯ ಸಮಾಜ ಪಾಠದಿಂದ. ಸಮಾಜ ಸುಧಾರಕಿ, ವಿಧವೆಯರಿಗೆ ಶಾಲೆ ತೆರೆದವರು, ಅಷ್ಟೆ. ಅವರು ಹುಟ್ಟಿದ್ದು ನಮ್ಮ ಘಟ್ಟದಲ್ಲಿ ಎಂಬುದನ್ನು ಪಾಠ ಹೇಳುವುದಿಲ್ಲ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನರು, ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಹೊರಟದ್ದಕ್ಕೆ ಊರವರ ವಿರೋಧ ಎದುರಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರಿಗೆ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ವಾದಿಸಬೇಕಾಯಿತು. ಕೊನೆಗೆ ಅವರು ಗಂಗಾಮೂಲದ ಕಾಡು ಸೇರಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಕುದುರೆಮುಖದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ. ಆಮೇಲೆ ಆ ಕುಟುಂಬಕ್ಕೆ ನೆಲೆ ಎಂಬುದೇ ಇರಲಿಲ್ಲ. ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆಯುತ್ತಾ, ದೇವಸ್ಥಾನದ ಜಗಲಿಯಲ್ಲಿ ಪುರಾಣ ಪಠಿಸಿ ಬಂದ ದಕ್ಷಿಣೆಯಲ್ಲಿ ಬದುಕಿದರು. ಮನೆಮಾತು ಮರಾಠಿ, ಈ ತಿರುಗಾಟದಲ್ಲಿ ಕನ್ನಡ, ಹಿಂದುಸ್ತಾನಿ, ಬಂಗಾಳಿಗಳೂ ತನಗೆ ಬಂದವೆಂದು ಅವರೇ ಹೇಳಿಕೊಂಡಿದ್ದಾರೆ. ವಲಸೆಯ ವಿಷಯದಲ್ಲಿ ಅವರು ನಮಗೆಲ್ಲ ಹಿರಿಯಕ್ಕ.

ಈ ಬರಹದ ವಿಷಯ ಅವರ ಇಡೀ ಜೀವನವಲ್ಲ, ಅದರೊಳಗಿನ ಒಂದು ಮಳೆಗಾಲ. ಅದಕ್ಕೆ ಮೊದಲು ಒಂದು ಪದವನ್ನು ಬಿಡಿಸಿ ನೋಡಬೇಕು.

ಕನ್ನಡ ಕ್ರೈಸ್ತರು ಅದಕ್ಕೆ ‘ಉಜ್ಜೀವನ’ ಎನ್ನುತ್ತಾರೆ. ಊರ ಗೋಡೆಗಳ ಮೇಲೆ ‘ಉಜ್ಜೀವನ ಕೂಟಗಳು’ ಎಂಬ ಪೋಸ್ಟರನ್ನು ನೀವೂ ನೋಡಿರುತ್ತೀರಿ: ಮೂರು ದಿನ, ಸಂಜೆ ಆರಕ್ಕೆ, ಶಾಮಿಯಾನ, ಮೈಕು. ಆ ಪೋಸ್ಟರು ಪದವನ್ನು ತೀರಾ ಸಣ್ಣದು ಮಾಡಿದೆ. ಜರ್ಮನರು ಇದನ್ನೇ ‘ಎಚ್ಚರ’ ಎಂಬರ್ಥದ ಮಾತಿನಿಂದ ಕರೆದರು. ಮಲಗಿದವನು ಏಳುತ್ತಾನೆ, ಅದು ಎಚ್ಚರ. ಉಜ್ಜೀವನ ಹಾಗಲ್ಲ, ಜೀವ ಹೋಗಿತ್ತು, ಮರಳಿ ಬಂತು ಎಂದು ಅದು ಹೇಳುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೆಹೆಜ್ಕೇಲನೆಂಬ ಪ್ರವಾದಿ ಒಣಮೂಳೆಗಳು ಹರಡಿಕೊಂಡ ಕಣಿವೆಯನ್ನು ಕಾಣುತ್ತಾನೆ. ಮೂಳೆಗೆ ಮೂಳೆ ಕೂಡುತ್ತದೆ, ನರ, ಮಾಂಸ, ಚರ್ಮ ಬರುತ್ತವೆ, ಆದರೂ ಉಸಿರಿರುವುದಿಲ್ಲ. ಕೊನೆಗೆ ನಾಲ್ಕು ದಿಕ್ಕಿನಿಂದ ಗಾಳಿ ಬಂದು ಒಳಹೊಕ್ಕಾಗ ಅವು ಎದ್ದು ನಿಲ್ಲುತ್ತವೆ. ಸಭೆ ಇದೆ, ಕಟ್ಟಡ ಇದೆ, ಪಾದ್ರಿಗಳಿದ್ದಾರೆ, ಭಾನುವಾರದ ಪೂಜೆ ತಪ್ಪುವುದಿಲ್ಲ, ಉಸಿರು ಮಾತ್ರ ಇಲ್ಲ. ಉಜ್ಜೀವನವನ್ನು ಬೇಡುವವರು ಬೇಡುವುದು ಆ ಉಸಿರನ್ನು. ಆದ್ದರಿಂದ ಮತಾಂತರವೂ ಉಜ್ಜೀವನವೂ ಒಂದೇ ಅಲ್ಲ. ಮತಾಂತರ ಹೊರಗಿನವರು ಒಳಬರುವ ಮಾತು. ಉಜ್ಜೀವನ ಮೊದಲು ಒಳಗಿರುವವರ ಮಾತು.

ಆ ಉಸಿರು ಹೇಗೆ ಬರುತ್ತದೆ ಎಂಬುದರ ಮೇಲೆ ಹಳೆಯ ಜಗಳವಿದೆ. ಅಮೆರಿಕದ ಮ್ಯಾಸಚೂಸೆಟ್ಸಿನ ನಾರ್ಥಾಂಪ್ಟನ್ ಎಂಬ ಊರಿನಲ್ಲಿ 1734–35ರ ಚಳಿಗಾಲದಲ್ಲಿ ಇಡೀ ಊರೇ ಅಲುಗಾಡಿದಾಗ ಅಲ್ಲಿಯ ಪಾದ್ರಿ ಜೊನಾಥನ್ ಎಡ್ವರ್ಡ್ಸ್ ಅದನ್ನು ದೇವರ ಅಚ್ಚರಿಯ ಕೆಲಸವೆಂದು ಬಗೆದರು; ಮನುಷ್ಯ ಕಾಯಬಹುದು, ಬೇಡಬಹುದು, ತರಿಸಲಾರ. ನೂರು ವರ್ಷದ ಮೇಲೆ, 1835ರಲ್ಲಿ, ವಕೀಲಿಕೆ ಬಿಟ್ಟು ಬೋಧಕನಾಗಿದ್ದ ಚಾರ್ಲ್ಸ್ ಫಿನ್ನಿ ಅದನ್ನು ತಿರುಗಿಸಿ ಹೇಳಿದ: ಉಜ್ಜೀವನ ಪವಾಡವಲ್ಲ, ರೈತ ಉತ್ತು ಬಿತ್ತಿದರೆ ಬೆಳೆ ಬರುವಂತೆ, ಸರಿಯಾದ ಸಾಧನಗಳನ್ನು ಸರಿಯಾಗಿ ಬಳಸಿದರೆ ಅದು ಬರುತ್ತದೆ. ಶಾಮಿಯಾನ ಮತ್ತು ಪೋಸ್ಟರುಗಳು ಫಿನ್ನಿಯ ಮೊಮ್ಮಕ್ಕಳು. ಎಡ್ವರ್ಡ್ಸರ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನ್ನಿಸುತ್ತದೆ. ಅಳುವುದು, ಕೂಗುವುದು, ಮೈ ನಡುಗಿ ಬೀಳುವುದು ದೇವರ ಕೆಲಸಕ್ಕೆ ಪುರಾವೆಯಲ್ಲ. ಹಾಗೆಂದು ಅದು ದೇವರ ಕೆಲಸವಲ್ಲವೆನ್ನಲೂ ಅವು ಸಾಲವು ಎಂದು 1746ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. ನೋಡಬೇಕಾದದ್ದು ಆಮೇಲಿನ ಬದುಕನ್ನು.

ಕನ್ನಡಕ್ಕೂ ಈ ಚರಿತ್ರೆಯ ಋಣ ಇದೆ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಭಕ್ತಿಪರ ಕ್ರೈಸ್ತರ ಎಚ್ಚರದ ಫಲ. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಎರಡೂ ಅದರ ಹಿಂದೆ ಬಂದವು. ಜರ್ಮನ್ ಹಳ್ಳಿಗಳ ಪ್ರಾರ್ಥನೆಯ ಬಿಸಿಗೂ ನಮ್ಮ ಮೇಜಿನ ಮೇಲಿನ ನಿಘಂಟಿಗೂ ಇಷ್ಟು ಹತ್ತಿರದ ನಂಟಿದೆಯೆಂದು ಆ ನಿಘಂಟು ತೆರೆಯುವಾಗ ಯಾರಿಗೂ ನೆನಪಾಗುವುದಿಲ್ಲ.

ಈಗ ರಮಾಬಾಯಿಯವರ ಕಡೆಗೆ. 1874ರಿಂದಾಚೆಗಿನ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ನಡೆಯುತ್ತಾ 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು. 1882ರ ಆರಂಭದಲ್ಲಿ ಕಾಲರಾಕ್ಕೆ ಗಂಡ ಬಲಿಯಾದರು. ಕಂಕುಳಲ್ಲಿ ಮಗಳು ಮನೋರಮಾ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ಮರುವರ್ಷ ಇಂಗ್ಲೆಂಡಿಗೆ ಹೋದರು, ವಾಂಟೇಜ್ ಎಂಬಲ್ಲಿಯ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿದ್ದು 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಪುಣೆಯಲ್ಲಿ ಕೋಲಾಹಲವೆದ್ದಿತು.

ಆದರೆ ಅವರ ಒಳಗಿನ ಕತೆ ಅಲ್ಲಿಗೆ ಮುಗಿದಿರಲಿಲ್ಲ. ದೀಕ್ಷೆ ಕೊಟ್ಟವರೊಡನೆಯೇ ಅವರ ವಾದ ಶುರುವಾಯಿತು. ನೀವು ಹೇಳಿದ್ದನ್ನೆಲ್ಲ ಒಪ್ಪಲು ನಾನು ಬಂದಿಲ್ಲ, ಶಾಸ್ತ್ರವನ್ನು ನಾನೇ ಓದುತ್ತೇನೆ ಎಂಬ ಧಾಟಿಯಲ್ಲಿ ಅವರು ಮಠದ ಸಿಸ್ಟರ್ ಜೆರಾಲ್ಡಿನ್‌ಗೆ ಬರೆದ ಕಾಗದಗಳು ಉಳಿದಿವೆ. ಉಡುಪಿಯ ಸಭೆಯ ಮುಂದೆ ನಿಂತವರ ಮಗಳು ಬಿಷಪ್ಪರ ಮುಂದೆ ಬಾಗುವುದುಂಟೇ! ಎಂಟು ವರ್ಷದ ಮೇಲೆ, 1891ರ ಸುಮಾರಿಗೆ, ಅವರಿಗೆ ಒಂದು ಅರಿವಾಯಿತು: ತನಗೆ ಸಿಕ್ಕಿರುವುದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ, ತಲೆ ಒಪ್ಪಿದೆ, ಎದೆ ಬರಿದಾಗಿದೆ. ಆಗ ಅವರು ಓದುತ್ತಿದ್ದದ್ದು ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆ. ಆ ಪಾದ್ರಿಯ ಕತೆ ವಿನೋದವಾಗಿದೆ. ಕಾರ್ನ್‌ವಾಲಿನ ತನ್ನದೇ ಚರ್ಚಿನಲ್ಲಿ ಪ್ರಸಂಗ ಮಾಡುತ್ತಿರುವಾಗ ಆತನಿಗೇ ನಂಬಿಕೆ ಹುಟ್ಟಿತು. ಕೇಳುತ್ತಿದ್ದವನೊಬ್ಬ ಎದ್ದು, ನಮ್ಮ ಪಾದ್ರಿಯೇ ಮಾರ್ಪಟ್ಟರೆಂದು ಕೂಗಿಕೊಂಡ. ಪೂಜೆ ಮಾಡಿಸುವವನೇ ಭಕ್ತನಾಗಿರಬೇಕೆಂದಿಲ್ಲ ಎಂಬುದು ಪುರಾಣ ಪಠಿಸಿ ಹೊಟ್ಟೆ ಹೊರೆದ ಮನೆಯ ಹೆಣ್ಣುಮಗಳಿಗೆ ಬಿಡಿಸಿ ಹೇಳಬೇಕಾದ ಸಂಗತಿಯೇನಲ್ಲ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ತೆರೆದ ಶಾರದಾ ಸದನವನ್ನು ಮರುವರ್ಷ ಪುಣೆಗೆ ತಂದಿದ್ದರು. ಅಲ್ಲಿ ಧರ್ಮಬೋಧನೆ ಇಲ್ಲವೆಂಬ ಮಾತಿನ ಮೇಲೆ ರಾನಡೆ, ಭಂಡಾರ್ಕರ್‌ರಂಥವರು ಸಲಹಾ ಸಮಿತಿಯಲ್ಲಿದ್ದರು. ರಮಾಬಾಯಿಯವರು ಬೆಳಗಿನ ಪ್ರಾರ್ಥನೆಗೆ ತಮ್ಮ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ‘ಕೇಸರಿ’ಯಲ್ಲಿ ತಿಲಕರು ಕಿಡಿ ಕಾರಿದರು, ಸಮಿತಿಯವರು ಹೊರನಡೆದರು, ಎಷ್ಟೋ ಮನೆಯವರು ಹುಡುಗಿಯರನ್ನು ಕರೆದೊಯ್ದರು. ಯಾರನ್ನೂ ಬಲವಂತ ಮಾಡಿಲ್ಲ, ಬಾಗಿಲು ಮುಚ್ಚಲಾರೆ ಎಂಬುದು ರಮಾಬಾಯಿಯವರ ಉತ್ತರ. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತೆಂದು ನನಗೆ ತೋರುತ್ತದೆ. ತೆರೆದ ಬಾಗಿಲು ಬಲವಂತವಲ್ಲ, ನಿಜ. ಆದರೆ ಮನೆಯೊಡತಿಯ ತೆರೆದ ಬಾಗಿಲನ್ನು ಆಶ್ರಯ ಬೇಡಿ ಬಂದ ಹುಡುಗಿ ಬೇರೆಯವರ ಬಾಗಿಲಿನಂತೆ ಕಾಣಲಾರಳು. ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಕೇಡಗಾಂವ್‌ನಲ್ಲಿ ನೂರು ಎಕರೆಯಷ್ಟು ಬರಡು ನೆಲ ಕೊಂಡದ್ದು ಸದನಕ್ಕೆ ಆದಾಯವಾಗಲೆಂದು ಹಣ್ಣಿನ ತೋಟ ಮಾಡಲು. 1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ತನ್ನ ಮನೆಮಂದಿಯನ್ನು ನುಂಗಿದ ಬರದ ನೆನಪಿದ್ದ ರಮಾಬಾಯಿ ಸುಮ್ಮನೆ ಕೂರಲಾಗದೆ ಅಲ್ಲಿಗೆ ಹೋಗಿ ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಅವರನ್ನು ಊರಲ್ಲಿ ಇರಿಸಿಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಹೀಗೆ ತೋಟ ಆಶ್ರಮವಾಯಿತು. ಗುಡಿಸಲು, ಬಾವಿ, ಆಮೇಲೆ ಕಲ್ಲಿನ ಕಟ್ಟಡ. 1900ರಲ್ಲಿ ಗುಜರಾತಿನ ಬರದಿಂದ ಇನ್ನೂ ನೂರಾರು ಮಂದಿ ಬಂದರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಹೆಂಗಸರೂ ಮಕ್ಕಳೂ ಇದ್ದರು. ಶಾರದಾ ಸದನಕ್ಕೆ ಮೇಲ್ಜಾತಿಯ ಬಾಲವಿಧವೆಯರು ಬರುತ್ತಿದ್ದರು. ಇವರು ಹಾಗಲ್ಲ: ಎಲ್ಲ ಜಾತಿಯವರು, ಮೂಳೆ ಚಕ್ಕಳವಾದವರು, ದಾರಿಯಲ್ಲಿ ಮಾರಾಟವಾಗುವುದರಿಂದ ತಪ್ಪಿಸಿಕೊಂಡವರು. ನೇಯ್ಗೆ, ಗಾಣ, ಹೈನು, ಹೊಲ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. ಯೆಹೆಜ್ಕೇಲನ ಮೂಳೆಗಳಿಗೆ ಮಾಂಸ ಬಂದಿತ್ತು.

ರಮಾಬಾಯಿಯವರಿಗೆ ಅಷ್ಟು ಸಾಕಾಗಲಿಲ್ಲ. 1895ರಲ್ಲಿ ಲೋಣಾವಳಾದ ಕಾಡಿನಲ್ಲಿ ನಡೆದ ಕ್ರೈಸ್ತ ಶಿಬಿರಕ್ಕೆ ಹದಿನೈದು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದರು. (ಈಗ ನಾವು ಚಿಕ್ಕಿ ಕೊಳ್ಳಲು ಇಳಿಯುವ ಲೋಣಾವಳಾ.) 1898ರಲ್ಲಿ ಇಂಗ್ಲೆಂಡಿನ ಕೆಸಿಕ್ ಸಮ್ಮೇಳನದಲ್ಲಿ ಸಿಕ್ಕ ಕೆಲವೇ ನಿಮಿಷಗಳಲ್ಲಿ ಭಾರತದ ಹೆಂಗಸರಿಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡರು. ಆಸ್ಟ್ರೇಲಿಯಾದಲ್ಲಿ ಉಜ್ಜೀವನವಾಗುತ್ತಿದೆ ಎಂಬ ಸುದ್ದಿ ಕೇಳಿ ಮಗಳು ಮನೋರಮಾ ಹಾಗೂ ತಮ್ಮೊಡನಿದ್ದ ಅಮೆರಿಕದ ಮೆಥಡಿಸ್ಟ್ ಸೇವಕಿ ಮಿನ್ನಿ ಅಬ್ರಾಮ್ಸ್ ಇಬ್ಬರನ್ನೂ ನೋಡಿ ಬರಲು ಕಳಿಸಿದರು. ಅಷ್ಟರಲ್ಲಿ ವೇಲ್ಸಿನಿಂದ ಸುದ್ದಿ ಬಂತು. 1904ರ ಕೊನೆಯಲ್ಲಿ ಲೌಗರ್ ಎಂಬ ಸಣ್ಣ ಊರಿನಲ್ಲಿ, ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಇಪ್ಪತ್ತಾರರ ತರುಣ ಇವಾನ್ ರಾಬರ್ಟ್ಸ್‌ನ ಸುತ್ತ ಹೊತ್ತಿಕೊಂಡ ಉಜ್ಜೀವನ ಕೆಲವೇ ತಿಂಗಳಲ್ಲಿ ವೇಲ್ಸನ್ನೆಲ್ಲ ಆವರಿಸಿತ್ತು. ಗಣಿಯ ಕೂಲಿಗಳು ಬೈಯುವುದನ್ನು ಬಿಟ್ಟದ್ದರಿಂದ ಬೈಗುಳಕ್ಕಷ್ಟೇ ಒಗ್ಗಿದ್ದ ಗಾಡಿಯ ಕುದುರೆಗಳು ಕದಲದೆ ನಿಂತವೆಂಬ ಕತೆ ಆ ಕಾಲದ್ದು. ವೇಲ್ಸಿನ ಮಿಷನರಿಗಳಿದ್ದ ಖಾಸಿ ಬೆಟ್ಟಗಳಿಗೆ 1905ರಲ್ಲಿ ಅದರ ಅಲೆ ಮುಟ್ಟಿತು, ಮರುವರ್ಷ ಮಿಜೋ ಬೆಟ್ಟಗಳಿಗೆ.

1905ರ ಜನವರಿಯಲ್ಲಿ ರಮಾಬಾಯಿ ದಿನವೂ ಬೆಳಿಗ್ಗೆ ಸೇರಿ ಪ್ರಾರ್ಥಿಸಲು ಇಷ್ಟವಿದ್ದವರು ಬನ್ನಿ ಎಂದರು. ಎಪ್ಪತ್ತು ಮಂದಿ ಬಂದರು. ಜೂನ್ ಹೊತ್ತಿಗೆ ಐನೂರು ದಾಟಿತ್ತು. ಫಿನ್ನಿ ಹೇಳಿದಂತೆ ಬಿತ್ತನೆಯೇ. ಆದರೆ ಬೆಳೆ ಬಂದ ಬಗೆ ಎಡ್ವರ್ಡ್ಸರದು.

ಜೂನ್ 29ರ ರಾತ್ರಿ, ಬೆಳಗಾಗಲು ಇನ್ನೂ ಹೊತ್ತಿರುವಾಗ, ಹಿರಿಯ ಹುಡುಗಿಯೊಬ್ಬಳು ಮೈಯೆಲ್ಲ ಬೆಂಕಿ ಎನ್ನುತ್ತಾ ಎದ್ದು ಪ್ರಾರ್ಥನೆ ಮಾಡತೊಡಗಿದಳು. ಪಕ್ಕದಲ್ಲಿ ಮಲಗಿದ್ದವಳಿಗೆ ನಿಜವಾಗಿಯೇ ಬೆಂಕಿ ಕಾಣಿಸಿತು. ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದಳು, ಸುರಿಯಬೇಕೆನ್ನುವಾಗ ಬೆಂಕಿ ಇಲ್ಲವೆಂದು ತಿಳಿಯಿತು. ಇದು ಮಿನ್ನಿ ಅಬ್ರಾಮ್ಸ್ ಬರೆದಿಟ್ಟ ಕತೆ. ಬೆಂಕಿಯ ವಿಷಯವನ್ನು ನಂಬುವವರು ನಂಬಲಿ, ನನಗೆ ನಂಬಿಕೆ ಹುಟ್ಟಿಸುವುದು ಆ ಬಕೆಟ್ಟು. ಅಂಥ ಹೊತ್ತಿನಲ್ಲಿ ನೀರು ತರಲು ಓಡಿದವಳೊಬ್ಬಳಿದ್ದಳು ಎಂಬುದನ್ನು ಕಟ್ಟುಕತೆ ಹೇಳುವವರು ಸಾಮಾನ್ಯವಾಗಿ ಸೇರಿಸುವುದಿಲ್ಲ.

ಮಾರನೆಯ ದಿನ, ಜೂನ್ 30. ರಮಾಬಾಯಿ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯ ವಿವರಿಸುತ್ತಿದ್ದರು, ಎಂದಿನಂತೆ ಶಾಂತವಾಗಿ. ಆ ಅಧ್ಯಾಯ ತೊಡಗುವುದೇ ಗಂಡಸರು ಕಲ್ಲೆಸೆಯಲೆಂದು ಎಳೆತಂದ ಹೆಂಗಸಿನ ಪ್ರಸಂಗದಿಂದ. ಮುಂದೆ ಅದರಲ್ಲಿ ಬಿಡುಗಡೆಯ ಮಾತು ಬರುತ್ತದೆ. ಇದ್ದಕ್ಕಿದ್ದಂತೆ ಹುಡುಗಿಯರೆಲ್ಲ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಒಮ್ಮೆಗೇ. ರಮಾಬಾಯಿ ಮಾತು ನಿಲ್ಲಿಸಬೇಕಾಯಿತು. ಕೆಲವರು ಮೊಣಕಾಲೂರಿದ್ದರು, ಕೆಲವರು ಎದ್ದು ನಿಂತು ಕೈ ಚಾಚಿದ್ದರು, ಎದೆ ಬಡಿದುಕೊಂಡು ಅಳುತ್ತಿದ್ದರು. ಅಲ್ಲಿಂದ ಮುಂದೆ ಎಷ್ಟೋ ದಿನ ಪಾಠಗಳು ನಿಂತವು. ಮಾಡಿದ್ದ ಕಳ್ಳತನ, ಆಡಿದ್ದ ಸುಳ್ಳು, ಮನಸ್ಸಿನಲ್ಲಿಟ್ಟುಕೊಂಡಿದ್ದ ಹಗೆ ಎಲ್ಲ ಬಾಯಿಗೆ ಬಂದವು. ಅತ್ತ ಮೇಲೆ ಹಾಡು, ನಗು. ನಂತರ ನೂರಾರು ಹುಡುಗಿಯರು ಸೇವೆಗೆ ಹೆಸರು ಕೊಟ್ಟು, ತಂಡ ಕಟ್ಟಿಕೊಂಡು, ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಹೇಳಲು ಹೋಗತೊಡಗಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹುಡುಗಿಯರು ಯಾರೆಂದು ನೆನೆಯೋಣ. ಬಾಯಿ ತೆರೆಯದಿರುವುದನ್ನೇ ಸದ್ಗುಣವೆಂದು ಕಲಿತವರು. ಗಂಡ ಸತ್ತರೆ ನಿನ್ನ ಪಾಪದಿಂದಲೇ ಸತ್ತನೆಂದು ಕೇಳಿಸಿಕೊಂಡವರು. ತಾಯಿ ತಂದೆ ಕಣ್ಣೆದುರೇ ಹಸಿವಿನಿಂದ ಸತ್ತಾಗ ಅಳಲೂ ತ್ರಾಣವಿಲ್ಲದಿದ್ದವರು. ಅವರಲ್ಲಿ ಐದಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ದುಃಖ ಒಂದು ಬೆಳಿಗ್ಗೆ ಕಟ್ಟೆ ಒಡೆಯಿತೆಂದು ಇಂದಿನ ಮನೋವೈದ್ಯರು ಹೇಳಿಯಾರು. ಹೇಳಲಿ. ನಂಬುವವರು ಅದನ್ನೇ ಪವಿತ್ರಾತ್ಮನ ಕೆಲಸವೆನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಒಂದನ್ನು ಆರಿಸಲೇಬೇಕೆಂದು ನನಗೇನೂ ಅನ್ನಿಸುವುದಿಲ್ಲ. ಹೊರಗಿನಿಂದ ನೋಡುವವನಿಗೆ ಕಾಣುವುದು ಇಷ್ಟು: ಎರಡು ಸಾವಿರ ಮಂದಿಯ ಆಶ್ರಮದಲ್ಲಿ, ವೇದಿಕೆಯ ಮೇಲಿನ ಒಬ್ಬಳೇ ವಿದುಷಿ ಮಾತು ನಿಲ್ಲಿಸಿದಳು, ಕೆಳಗೆ ಕೂತವರು ಮಾತಾಡಿದರು. ಅವರನ್ನು ಸುಮ್ಮನಿರಿಸಲು ಆಕೆ ಗಂಟೆ ಬಾರಿಸಲಿಲ್ಲ.

ಬಾರಿಸಬೇಕಿತ್ತು ಎಂದವರಿದ್ದರು. ಬೇರೆ ಮಿಷನರಿಗಳಲ್ಲಿ ಅನೇಕರಿಗೆ ಇದು ಹೆಂಗಸರ ಚಿತ್ತವಿಭ್ರಮೆಯಾಗಿ ಕಂಡಿತು. ದೇವರು ಕಿವುಡನೇ, ಇಷ್ಟು ಗದ್ದಲ ಏಕೆ ಎಂಬ ಬಗೆಯ ಟೀಕೆ. ಅದಕ್ಕೆ ರಮಾಬಾಯಿ ತಮ್ಮ ‘ಮುಕ್ತಿ ಪ್ರೇಯರ್ ಬೆಲ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರದ ತಿರುಳು ಇದು: ಪಾಶ್ಚಾತ್ಯರ ಸಭ್ಯತೆಯ ಕಟ್ಟಿನಲ್ಲಿ ನಮ್ಮವರನ್ನು ಕೂರಿಸಬೇಡಿ, ನಮ್ಮ ಜನ ದುಃಖವನ್ನೂ ಸಂತೋಷವನ್ನೂ ತಮ್ಮ ರೀತಿಯಲ್ಲಿ ತೋರುತ್ತಾರೆ, ಆತ್ಮನು ಅವರಲ್ಲಿ ಕೆಲಸ ಮಾಡುವುದು ಆ ರೀತಿಯಲ್ಲೇ. ಅವರಿಗೂ ಮೊದಮೊದಲು ಗದ್ದಲ ಹಿಡಿಸಿರಲಿಲ್ಲ. ಆದರೆ ಇಂಗ್ಲೆಂಡಿನ ಮಠದವರೊಡನೆ ಇಪ್ಪತ್ತು ವರ್ಷ ಹಿಂದೆ ಆಡಿದ ಜಗಳದ ಮುಂದುವರಿಕೆ ಇದು: ಕ್ರಿಸ್ತನನ್ನು ಒಪ್ಪಿದ್ದೇನೆ, ನಿಮ್ಮ ದೇಶದ ನಡವಳಿಕೆಯನ್ನಲ್ಲ. ದೇಶಾಭಿಮಾನ ಬಿಟ್ಟವಳೆಂದು ಪುಣೆ ಯಾರನ್ನು ಹೀಗಳೆಯಿತೋ ಆಕೆಯೇ ಈ ಮಾತು ಹೇಳಿದಳೆಂಬುದನ್ನು ಗಮನಿಸಬೇಕು.

1906ರ ಕೊನೆಯ ಹೊತ್ತಿಗೆ ಮುಕ್ತಿಯಲ್ಲಿ ಕೆಲವು ಹುಡುಗಿಯರು ಪ್ರಾರ್ಥನೆಯಲ್ಲಿ ‘ಅನ್ಯಭಾಷೆ’ ಆಡತೊಡಗಿದರು. ಅಪೊಸ್ತಲರ ಕೃತ್ಯಗಳಲ್ಲಿ, ಪಂಚಾಶತ್ತಮ ಹಬ್ಬದ ದಿನ, ಯೇಸುವಿನ ಶಿಷ್ಯರು ತಾವು ಕಲಿಯದ ಭಾಷೆಗಳಲ್ಲಿ ಮಾತಾಡಿದರೆಂದಿದೆಯಲ್ಲ, ಅಂಥದು. ಅದೇ ವರ್ಷ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ಮಗ ವಿಲಿಯಂ ಸೇಮೂರರ ಸಭೆಯಲ್ಲೂ ಹೀಗಾಗಿತ್ತು. ಇಂದು ಜಗತ್ತಿನಲ್ಲಿ ಕೋಟ್ಯಂತರ ಮಂದಿ ಇರುವ ಪೆಂಟೆಕೋಸ್ಟಲ್ ಪಂಥ ಹುಟ್ಟಿದ್ದು ಅಲ್ಲಿ, ಮಿಕ್ಕವರಿಗೆಲ್ಲ ಹರಡಿದ್ದು ಅಲ್ಲಿಂದ ಎಂದು ಬಹಳ ಕಾಲ ಹೇಳಿಕೊಂಡು ಬಂದರು. ಕೇಡಗಾಂವ್‌ನ ತಾರೀಖನ್ನು ಪಕ್ಕದಲ್ಲಿಟ್ಟರೆ ಆ ಲೆಕ್ಕ ಕೂಡುವುದಿಲ್ಲ. ಆಲನ್ ಆಂಡರ್ಸನ್‌ರಂಥ ಚರಿತ್ರಕಾರರು ಈಗ ಹಲವು ಮೂಲಗಳ ಮಾತಾಡುತ್ತಾರೆ, ಅವುಗಳಲ್ಲಿ ಮುಕ್ತಿಗೆ ದೊಡ್ಡ ಜಾಗ ಕೊಡುತ್ತಾರೆ. ಮಿನ್ನಿ ಅಬ್ರಾಮ್ಸ್ 1906ರಲ್ಲಿ ಬರೆದ ಪುಸ್ತಿಕೆಯ ಪ್ರತಿಯೊಂದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದ್ದ ಹಳೆಯ ಗೆಳತಿಗೆ ತಲುಪಿತು. ಆಕೆಯ ಗಂಡ ವಿಲಿಸ್ ಹೂವರ್ ವಾಲ್ಪರೈಸೊದ ಮೆಥಡಿಸ್ಟ್ ಪಾದ್ರಿ. 1909ರಲ್ಲಿ ಆ ಊರಲ್ಲಿ ಉಜ್ಜೀವನವಾಯಿತು, ಅದರಿಂದ ಆ ದೇಶದ ಪೆಂಟೆಕೋಸ್ಟಲ್ ಸಭೆಗಳು ಹುಟ್ಟಿದವು. ಪುಣೆ ಜಿಲ್ಲೆಯ ಹಳ್ಳಿಯಿಂದ ಚಿಲಿಯ ಬಂದರಿಗೆ ಒಂದು ಅಂಚೆ ಲಕೋಟೆ.

ಅನ್ಯಭಾಷೆಯ ಬಗ್ಗೆ ರಮಾಬಾಯಿ ಹಿಡಿದ ನಿಲುವು ಅಮೆರಿಕದ ಪಂಥದವರಿಗಿಂತ ಬೇರೆ. ಅದು ಆತ್ಮನ ವರಗಳಲ್ಲಿ ಒಂದು, ಆದರೆ ಅದೊಂದೇ ಗುರುತು ಅಲ್ಲ. ಅದು ಬರದವರು ಕಡಿಮೆಯವರೂ ಅಲ್ಲ. ತಮಗೆ ಅದು ಬಂದಿತೆಂದು ಅವರು ಹೇಳಿಕೊಳ್ಳಲಿಲ್ಲ. ನನಗೆ ಇದರಲ್ಲಿ ಅವರ ಬಾಲ್ಯ ಕಾಣುತ್ತದೆ. ದೇವಸ್ಥಾನದ ಜಗಲಿಯಲ್ಲಿ ಸಂಸ್ಕೃತದ ಪುರಾಣವನ್ನು ಅವರ ಮನೆಯವರು ಪಠಿಸುತ್ತಿದ್ದಾಗ ಕೇಳುವವರಿಗೆ ಅದು ಅರ್ಥವಾಗುತ್ತಿರಲಿಲ್ಲ, ಆಗಬೇಕೆಂದು ಯಾರೂ ಬಯಸಿಯೂ ಇರಲಿಲ್ಲ. ಕಿವಿಗೆ ಬಿದ್ದರೆ ಪುಣ್ಯ, ಕಾಸು ಹಾಕಿದರೆ ಇನ್ನಷ್ಟು ಪುಣ್ಯ. ಇದನ್ನು ಅವರು ತಮ್ಮ ಆತ್ಮಕತೆಯಲ್ಲಿ ನೋವಿನಿಂದ ನೆನೆಯುತ್ತಾರೆ. ಅರ್ಥವಾಗದ ಪವಿತ್ರ ನುಡಿಯ ಮೋಹ ಹರಿದ ಹೆಂಗಸು ಇನ್ನೊಂದು ಅರ್ಥವಾಗದ ನುಡಿಯನ್ನು ಮುಖ್ಯ ಪೀಠದಲ್ಲಿ ಕೂರಿಸುವುದು ಕಷ್ಟ.

ಉಜ್ಜೀವನದ ನಂತರದ ವರ್ಷಗಳನ್ನು ಅವರು ಏನು ಮಾಡಿ ಕಳೆದರೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ದೇಶ ಸುತ್ತಿ ಉಜ್ಜೀವನ ಕೂಟ ನಡೆಸಲಿಲ್ಲ. ಮುಕ್ತಿಯಲ್ಲಿ ಕೂತು ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಮರಾಠಿಗೆ ತರುವ ಕೆಲಸ ಹಿಡಿದರು. ಇದ್ದ ಅನುವಾದ ಹಳ್ಳಿಯ ಹೆಂಗಸರಿಗೆ ಭಾರವೆನ್ನಿಸಿತ್ತು. ‘ಸರಸ್ವತಿ’ ಬಿರುದಿನ ಪಂಡಿತೆ ಸಂಸ್ಕೃತ ಪದಗಳನ್ನು ಒಂದೊಂದಾಗಿ ತೆಗೆದು ಆಡುಮಾತಿನ ಪದ ಹುಡುಕಿದರು. ಮೊಳೆ ಜೋಡಿಸಿದ್ದು, ಅಚ್ಚು ಹಾಕಿದ್ದು ಮುಕ್ತಿಯ ಹೆಂಗಸರೇ. ಬರದಲ್ಲಿ ಬಂದಾಗ ಅಕ್ಷರದ ಗುರುತಿಲ್ಲದಿದ್ದವರ ಕೈ. ಎಡ್ವರ್ಡ್ಸ್ ಹೇಳಿದ ‘ಆಮೇಲಿನ ಬದುಕು’ ಎಂದರೆ ಇದಲ್ಲದೆ ಇನ್ನೇನು? ವೇಲ್ಸಿನ ಇವಾನ್ ರಾಬರ್ಟ್ಸ್ 1906ರ ಹೊತ್ತಿಗೆ ಮೈ ಮನಸ್ಸು ಎರಡೂ ಕುಸಿದು ಸಾರ್ವಜನಿಕ ಬದುಕಿನಿಂದ ಹಿಂದೆ ಸರಿದಿದ್ದ. ಮುಕ್ತಿಯಲ್ಲಿ ಗಾಣ ನಿಲ್ಲಲಿಲ್ಲ.

ಬಿಟ್ಟುಬಂದ ಪ್ರಶ್ನೆ ಉಳಿದಿದೆ. ಅನ್ನ, ಬಟ್ಟೆ, ಆಶ್ರಯ ಎಲ್ಲ ಒಬ್ಬರ ಕೈಯಲ್ಲಿರುವಾಗ ಆ ಒಬ್ಬರ ನಂಬಿಕೆಯನ್ನು ಒಪ್ಪಿದ ಹುಡುಗಿಯ ಒಪ್ಪಿಗೆ ಎಷ್ಟು ಸ್ವತಂತ್ರ? 1905ರ ಹುಡುಗಿಯರ ಮಾತು ನಮಗೆ ಸಿಗುವುದು ಹೆಚ್ಚಾಗಿ ಅಬ್ರಾಮ್ಸರ, ರಮಾಬಾಯಿಯವರ ಇಂಗ್ಲಿಷಿನಲ್ಲಿ, ಅದೂ ಹಣ ಕಳಿಸುವ ಪರದೇಶದ ಓದುಗರಿಗೆಂದು ಬರೆದದ್ದರಲ್ಲಿ. ಅತ್ತು ಪ್ರಾರ್ಥಿಸದೆ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹುಡುಗಿಯೂ ಅಲ್ಲಿ ಇದ್ದಿರಲೇಬೇಕು; ಅವಳ ಮಾತನ್ನು ಯಾರೂ ಬರೆದಿಡಲಿಲ್ಲ. ರಮಾಬಾಯಿಯವರ ದೊಡ್ಡತನವನ್ನು ಒಪ್ಪಿಕೊಂಡೇ ನಾನು ಇದನ್ನು ಹೇಳುತ್ತಿದ್ದೇನೆ. ಅದೇ ಹೊತ್ತಿಗೆ, ಅವರನ್ನು ಜರೆದ ಪುಣೆಯ ದೊಡ್ಡವರಲ್ಲಿ ಎಷ್ಟು ಮಂದಿ ಮಧ್ಯಪ್ರಾಂತ್ಯದ ಬರದ ಊರುಗಳಿಗೆ ಹೋಗಿ ಆ ಮಕ್ಕಳನ್ನು ಎತ್ತಿಕೊಂಡು ಬಂದರು ಎಂಬ ಪ್ರಶ್ನೆಯನ್ನೂ ಕೇಳದೆ ಬಿಡಲಾಗದು. ಈ ಎರಡು ಪ್ರಶ್ನೆಗಳು ಒಂದನ್ನೊಂದು ಅಳಿಸುವುದಿಲ್ಲ.

1912–13ರ ಸುಮಾರಿಗೆ ಮುಕ್ತಿಯ ಒಂದು ಶಾಖೆ ಗುಲ್ಬರ್ಗದಲ್ಲಿ, ಆಗಿನ ನಿಜಾಮರ ಸೀಮೆಯಲ್ಲಿ, ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾಯಿತು. ಹೆಸರು ಶಾಂತಿ ಸದನ, ನಡೆಸಿದವರು ಮನೋರಮಾ. ಘಟ್ಟದಿಂದ ಪೆಟ್ಟಿಗೆಯಲ್ಲಿ ಇಳಿದುಹೋದವರ ಕೆಲಸ ಐವತ್ತಕ್ಕೂ ಹೆಚ್ಚು ವರ್ಷದ ಮೇಲೆ, ಇನ್ನೊಂದು ದಿಕ್ಕಿನಿಂದ, ಕನ್ನಡದ ನೆಲಕ್ಕೆ ಮರಳಿತು. ಮನೋರಮಾ 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡರು. ತಾಯಿಗೆ ಕಿವಿ ಕೇಳುವುದು ಎಂದೋ ಕಡಿಮೆಯಾಗಿತ್ತು, ದೇಹ ಸೋತಿತ್ತು, ಬೈಬಲಿನ ಕರಡು ತಿದ್ದುವ ಕೆಲಸ ಇನ್ನೂ ಬಾಕಿಯಿತ್ತು. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿ ಕೇಡಗಾಂವ್‌ನಲ್ಲೇ ಕಣ್ಣುಮುಚ್ಚಿದರು. ಪುಸ್ತಕ ಹೊರಬಂದದ್ದು ಎರಡು ವರ್ಷದ ಮೇಲೆ.

ಕೇಡಗಾಂವ್‌ನಿಂದ ಗುಲ್ಬರ್ಗಕ್ಕೆ ಮನೋರಮಾ ಓಡಾಡಿದ್ದು ಇದೇ ಹಳಿಯ ಮೇಲೆ, ದೌಂಡ್, ಸೊಲ್ಲಾಪುರ ದಾಟಿ. ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಪುಣೆ ಬಿಟ್ಟ ಮೇಲೆ ಮೊಬೈಲು ಕೆಳಗಿಟ್ಟು ಕಿಟಕಿಯ ಬಳಿ ಕೂತಿದ್ದೆ. ಕಬ್ಬಿನ ಗದ್ದೆಗಳ ನಡುವೆ ಹಳದಿ ಫಲಕ ಬಂತು, ಹೋಯಿತು. ಎದುರಿನ ಸೀಟಿನ ಅಜ್ಜಿ ಆಳಂದದವರು, ಏನು ನೋಡ್ತೀಯಪ್ಪಾ ಅಂದರು. ಸೊಲ್ಲಾಪುರ ಬರುವ ತನಕ ಅವರಿಗೆ ಈ ಕತೆ ಹೇಳಿದೆ. ಬಕೆಟ್ಟಿನ ಸಂಗತಿಯನ್ನು ಅವರು ಎರಡು ಸಲ ಕೇಳಿದರು.